ನನ್ನ ಮುಖದ ಕೆಂಪು

ಮುಖವು ಮನಸ್ಸಿನ ಕನ್ನಡಿ ಎಂಬ ಮಾತನ್ನು ಮೊದಲು ಆಡಿದ ಮಹಾನುಭಾವರು ಯಾರೋ ನಾನರಿಯೆ. ಅವರ ಮುಖ ಅವರಿಗೆ ವಿಧೇಯವಾಗಿದ್ದಿರಬೇಕು. ನನ್ನ ಮುಖವಾದರೋ ಎಷ್ಟೋ ವರ್ಷಗಳಿಂದ ನನ್ನಲ್ಲಿಲ್ಲದ ಕೋಪವನ್ನೂ, ನಾನು ಪಡದ ನಾಚಿಕೆಯನ್ನೂ, ನಾನು ಕುಡಿಯದ ಮದ್ಯವನ್ನೂ ಊರೆಲ್ಲ ಸಾರುತ್ತ ಬಂದಿದೆ. ಕೆನ್ನೆ, ಮೂಗು, ಗಲ್ಲ, ಹಣೆಯ ನಡುಭಾಗ, ಇಷ್ಟು ಸೀಮೆಯಲ್ಲಿ ಯಾವ ಗಳಿಗೆಯಲ್ಲಿ ಕೆಂಪೇರುವುದೋ ಹೇಳಬರುವಂತಿಲ್ಲ. ವೈದ್ಯರು ಇದಕ್ಕೆ ರೊಸೇಶಿಯ ಎನ್ನುತ್ತಾರೆ. ಲ್ಯಾಟಿನ್ ಮೂಲದ ಆ ಮಾತಿಗೆ ಗುಲಾಬಿಯಂಥದು ಎಂದು ಅರ್ಥ. ಹೆಸರಿಟ್ಟವರು ರಸಿಕರು, ಆ ಉರಿಯನ್ನು ಅವರು ಬಲ್ಲವರಾಗಿರಲಾರರು.

ನಾನು ಹುಟ್ಟಿ ಬೆಳೆದದ್ದು ದಕ್ಷಿಣ ಕೊಡಗಿನಲ್ಲಿ, ಗೋಣಿಕೊಪ್ಪಲಿಗೆ ಕೆಲವು ಮೈಲಿ ದೂರದ ಕಾಫಿ ತೋಟದ ಮನೆಯಲ್ಲಿ. ಹುಡುಗನಾಗಿದ್ದಾಗ ಓಡಿ ಬಂದರೆ ನನ್ನ ಕೆನ್ನೆ ಕೆಂಪಾಗುತ್ತಿತ್ತು. ಅವ್ವ ಅದನ್ನು ಕಿತ್ತಳೆಹಣ್ಣಿಗೆ ಹೋಲಿಸಿ, ಯಾರ ಕಣ್ಣು ಬೀಳುವುದೋ ಎಂದು ದೃಷ್ಟಿ ತೆಗೆಯುತ್ತಿದ್ದಳು. ಮುಂದೆ ಉದ್ಯೋಗದ ನಿಮಿತ್ತ ಬೆಂಗಳೂರಿಗೆ ಬಂದು ಕಾಲೇಜೊಂದರಲ್ಲಿ ಅಧ್ಯಾಪಕನಾದೆ. ಮೂವತ್ತೈದು ದಾಟಿದ ಮೇಲೆ, ಬಂದು ಹೋಗುತ್ತಿದ್ದ ಆ ಕೆಂಪು ಬಂದು ನಿಂತಿತು. 2016ರ ಏಪ್ರಿಲ್ 24ರಂದು ಬೆಂಗಳೂರಿನ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿ ನಗರದ ದಾಖಲೆಯಾಯಿತು. ಆ ಬೇಸಗೆಯಲ್ಲಿ ನನ್ನ ಕೆಂಪಿನ ಮೇಲೆ ಗುಳ್ಳೆಗಳೂ ಎದ್ದವು.

ಕೆಂಪು ಮುಖದವನು ಕೊಡಗಿನವನೂ ಆಗಿದ್ದರೆ ನಗರದ ಜನ ಹೆಚ್ಚು ಯೋಚಿಸುವುದಿಲ್ಲ. “ಕೊಡಗಿನವರಲ್ಲವೆ!” ಎಂದು ನಗುತ್ತಾರೆ. ಮೊದಮೊದಲು ನಾನೂ ನಕ್ಕೆ. ಆದರೆ ಒಂದು ದಿನ ಪ್ರಾಂಶುಪಾಲರು ನನ್ನನ್ನು ಕೋಣೆಗೆ ಕರೆದು, ಬಾಗಿಲು ಮುಚ್ಚಿ, ಮೇಜಿನ ಮೇಲೆ ಒಂದು ಕಾಗದವಿಟ್ಟರು. ನಾನು ಕುಡಿದು ಪಾಠಕ್ಕೆ ಬರುತ್ತೇನೆಂದು ಯಾರೋ ಸಹಿಯಿಲ್ಲದೆ ಬರೆದಿದ್ದರು. ಮೂಗನ್ನು ಕುರಿತು ಬರೆದದ್ದರಿಂದ ಅದು ಎರಡರ್ಥದಲ್ಲಿಯೂ ಮೂಗರ್ಜಿಯೇ ಆಗಿತ್ತು ಎಂದು ಈಗ ಹಾಸ್ಯ ಮಾಡಬಲ್ಲೆ. ಅಂದು ಮಾತ್ರ ನನ್ನ ನಾಲಗೆ ಒಣಗಿತು. ಇನ್ನೂ ದೊಡ್ಡ ಅನ್ಯಾಯವೆಂದರೆ, ಅಪಮಾನದಿಂದ ಮುಖ ಮತ್ತಷ್ಟು ಕೆಂಪಾಗಿ ಅರ್ಜಿದಾರನ ಪರವಾಗಿಯೇ ಸಾಕ್ಷಿ ನುಡಿಯಿತು.

ಅಂದೇ ಸಂಜೆ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನು. ಔಷಧದ ಅಂಗಡಿಯೊಂದಕ್ಕೆ ಹೋಗಿ ಮುಖ ತೋರಿಸಿದೆ. ಒಂದು ಟ್ಯೂಬು ಕೊಟ್ಟರು. ಹಚ್ಚಿದ ಮೂರನೆಯ ದಿನಕ್ಕೆ ಕೆಂಪು ಇಳಿಯಿತು. ಎರಡು ತಿಂಗಳು ನಾನು ಚೆಲುವನಾಗಿ ತಿರುಗಾಡಿದೆ. ಆಮೇಲೆ ಒಂದು ದಿನ ಹಚ್ಚುವುದು ತಪ್ಪಿದರೂ ಮುಖ ಕೆಂಡವಾಗತೊಡಗಿತು. ಚರ್ಮ ತೆಳುವಾಗಿ ಮೂಗಿನ ಬದಿಯಲ್ಲಿ ಕೆಂಪು ದಾರದಂಥ ರಕ್ತನಾಳಗಳು ಕಾಣಿಸಿಕೊಂಡವು. ಕೊನೆಗೆ ಚರ್ಮವೈದ್ಯೆಯೊಬ್ಬರ ಬಳಿಗೆ ಹೋದೆ. ಅವರು, “ಮೇಷ್ಟ್ರೇ, ಮೊದಲು ಆ ಟ್ಯೂಬು ತನ್ನಿ, ನೋಡೋಣ,” ಎಂದರು. ನೋಡಿ ನಿಟ್ಟುಸಿರಿಟ್ಟರು. ಅದರಲ್ಲಿದ್ದದ್ದು ಬೀಟಾಮೆಥಸೋನ್ ಎಂಬ ಸ್ಟಿರಾಯ್ಡ್. ಮುಖ ಬೆಳ್ಳಗಾಗಲೆಂದು, ಮೊಡವೆ ಹೋಗಲೆಂದು ಇಂಥ ಲೇಪಗಳನ್ನು ವರ್ಷಗಟ್ಟಲೆ ಹಚ್ಚಿ ಮುಖ ಕೆಡಿಸಿಕೊಂಡವರು ನಮ್ಮ ದೇಶದಲ್ಲಿ ಎಷ್ಟೊಂದು ಜನರೆಂದರೆ, ಭಾರತೀಯ ವೈದ್ಯರು ಈ ಸ್ಥಿತಿಗೆ ಬೇರೆಯೇ ಹೆಸರಿಡಬೇಕಾಯಿತು. 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಸ್ಟಿರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು.

ಆ ವೈದ್ಯೆ ಹೇಳಿದ ಮಾತುಗಳನ್ನು ನನಗೆ ತಿಳಿದಷ್ಟರ ಮಟ್ಟಿಗೆ ಇಲ್ಲಿ ಬರೆಯುತ್ತೇನೆ. ಈ ರೋಗದಲ್ಲಿ ಮುಖದ ರಕ್ತನಾಳಗಳು ಸಣ್ಣ ಕಾರಣಕ್ಕೂ ಹಿಗ್ಗುತ್ತವೆ. ಚರ್ಮದ ರಕ್ಷಣಾವ್ಯವಸ್ಥೆ ಅಗತ್ಯಕ್ಕಿಂತ ಹೆಚ್ಚು ಕೆರಳುತ್ತದೆ. ಎಲ್ಲರ ಚರ್ಮದಲ್ಲಿಯೂ ಇರುವ ಡೆಮೋಡೆಕ್ಸ್ ಎಂಬ ಕಣ್ಣಿಗೆ ಕಾಣದ ನುಸಿ ಈ ರೋಗಿಗಳಲ್ಲಿ ಹೆಚ್ಚು. ಒಂದೇ ಮನೆತನದಲ್ಲಿ ಹಲವರಿಗೆ ಬರುವುದುಂಟು. ಅಂಟುಜಾಡ್ಯವಲ್ಲ. ಬಿಳಿಯರ ರೋಗವೆಂದು ಹೆಸರಾಗಿದ್ದರೂ ಕಂದು ಬಣ್ಣದವರನ್ನು ಬಿಟ್ಟಿಲ್ಲ. ನಮ್ಮಲ್ಲಿ ಕೆಂಪು ಎದ್ದು ಕಾಣದೆ ಬರಿಯ ಉರಿ, ಬಿಸಿ, ಗುಳ್ಳೆಗಳಾಗಿ ತೋರುವುದರಿಂದ ಎಷ್ಟೋ ವೇಳೆ ಮೊಡವೆಯೆಂದು ತಪ್ಪು ತಿಳಿಯುತ್ತಾರೆ. ಮೊಡವೆಯಲ್ಲಿರುವಂಥ ಕಪ್ಪು ಮೊನೆಗಳು ಇದರಲ್ಲಿ ಇರುವುದಿಲ್ಲ. ಕಣ್ಣಿನಲ್ಲಿ ಮರಳು ಬಿದ್ದಂತೆ ಉರಿಯಾದರೆ ಕಣ್ಣಿನ ವೈದ್ಯರನ್ನು ಕಾಣಲೇಬೇಕು. ಪೂರ್ತಿ ವಾಸಿಯಾಗುವ ಭರವಸೆಯಿಲ್ಲ, ಹತೋಟಿಯಲ್ಲಿಡಬಹುದು. ಮೆಟ್ರೊನಿಡಜೋಲ್, ಅಜೆಲಾಯಿಕ್ ಆಮ್ಲ, ಐವರ್ಮೆಕ್ಟಿನ್ ಮುಂತಾದ ಲೇಪಗಳಿವೆ. ಬೇಕಾದರೆ ಡಾಕ್ಸಿಸೈಕ್ಲಿನ್ ಗುಳಿಗೆಯುಂಟು. ಯಾವುದು ಯಾರಿಗೆಂಬುದು ವೈದ್ಯರು ಹೇಳಬೇಕಾದ ಮಾತು. ಗುಣ ಕಾಣಲು ವಾರಗಳು ಹಿಡಿಯುತ್ತವೆ.

ಎಲ್ಲ ಕೇಳಿ ನಾನು ಕೇಳಿದ ಮೊದಲ ಪ್ರಶ್ನೆ: “ಕಾಫಿ?”

ಕೊಡಗಿನವನ ಜೀವ ಎಲ್ಲಿದೆಯೆಂಬುದು ಆಕೆಗೆ ತಿಳಿದಿತ್ತು. ಅವರು ಒಂದು ಪ್ರಯೋಗದ ಕಥೆ ಹೇಳಿದರು. 1981ರಲ್ಲಿ ಅಮೆರಿಕದ ವೈದ್ಯ ಜೊನಾಥನ್ ವಿಲ್ಕಿನ್ ಎಂಬುವರು ರೊಸೇಶಿಯ ಇದ್ದವರಿಗೆ ಬಿಸಿ ಕಾಫಿ, ತಣ್ಣನೆಯ ಕಾಫಿ, ಬಿಸಿನೀರು ಕುಡಿಸಿ ನೋಡಿದರಂತೆ. ಬಿಸಿ ಕಾಫಿಗೂ ಬರಿಯ ಬಿಸಿನೀರಿಗೂ ಮುಖ ಕೆಂಪೇರಿತು. ತಣ್ಣನೆಯ ಕಾಫಿಗೆ ಏರಲಿಲ್ಲ. ಅಪರಾಧ ಬಿಸಿಯದು, ಕಾಫಿಯದಲ್ಲ. 2018ರಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಅಮೆರಿಕದ ದಾದಿಯರ ವಿವರಗಳನ್ನು ಪರಿಶೀಲಿಸಿದಾಗ ಕಾಫಿ ಹೆಚ್ಚು ಕುಡಿಯುವವರಲ್ಲಿ ಈ ರೋಗ ಕಡಿಮೆಯೇ ಕಂಡಿತು. ಅಂದಿನಿಂದ ನಾನು ಲೋಟವನ್ನು ಎದುರಿಗಿಟ್ಟುಕೊಂಡು ಕಾಯುತ್ತೇನೆ. ತಣಿದ ಕಾಫಿ ಕುಡಿಯುವುದು ನಮ್ಮ ಕಡೆ ಶಿಕ್ಷೆಗೆ ಸಮ. ಆದರೆ ಕಾಫಿಯೇ ಇಲ್ಲದಿರುವುದಕ್ಕಿಂತ ಲೇಸು.

ದೊಡ್ಡ ಊರಿನಲ್ಲಿ ಮುಖ ಕಾಯುವುದು ಒಂದು ದಿನಚರಿಯ ಕೆಲಸ. ಏನನ್ನು ತಿಂದಾಗ, ಎಲ್ಲಿ ನಿಂತಾಗ ಮುಖ ಕೆರಳಿತೆಂದು ಮೂರು ತಿಂಗಳು ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಮಧ್ಯಾಹ್ನದ ಸಿಗ್ನಲಿನಲ್ಲಿ ಹೆಲ್ಮೆಟ್ಟಿನೊಳಗೆ ಬೇಯುವುದು ಮೊದಲನೆಯ ಶತ್ರುವೆಂದು ತಿಳಿಯಿತು. ಸ್ಕೂಟರು ಬಿಟ್ಟು ಮೆಟ್ರೋ ಹಿಡಿದೆ. ಬಸ್ಸಿನಲ್ಲಿ ಬಿಸಿಲು ಬೀಳದ ಮಗ್ಗುಲನ್ನು ನೋಡಿ ಕೂರುತ್ತೇನೆ. ಬೆಳಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ಮುಖವನ್ನು ಉಜ್ಜದೆ ತೊಳೆದು, ಸತುವಿನ ಆಕ್ಸೈಡ್ ಇರುವ ಬಿಸಿಲು ತಡೆಯುವ ಲೇಪ ಹಚ್ಚುತ್ತೇನೆ. ಕ್ಷೌರದ ನಂತರದ ಸ್ಪಿರಿಟ್ಟು, ಸುಗಂಧಗಳಿಗೆ ವಿದಾಯ ಹೇಳಿದ್ದೇನೆ. ಹಂದಿ ಸಾರಿಗೆ ಅವ್ವ ಈಗ ಗಾಂಧಾರಿ ಮೆಣಸು ಕಡಿಮೆ ಹಾಕುತ್ತಾಳೆ. ಕಾಚಂಪುಳಿಯನ್ನು ನಾನು ಬಿಟ್ಟಿಲ್ಲ, ಅದೂ ನನ್ನನ್ನು ಬಿಟ್ಟಿಲ್ಲ. ಛತ್ರಿ ಹಿಡಿದು ನಡೆಯುವ ಗಂಡಸನ್ನು ಬೇಸಗೆಯ ಬೆಂಗಳೂರು ವಿಚಿತ್ರವಾಗಿ ನೋಡುತ್ತದೆ. ನೋಡಲಿ. ಇವುಗಳಿಂದ ಕೆಂಪು ಅರ್ಧಕ್ಕಿಳಿದಿದೆ.

ಉಳಿದರ್ಧದ ಮಾತು ಬೇರೆ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಇಟಲಿಯ ಗಿರ್ಲಂದಾಯೊ ಸುಮಾರು 1490ರಲ್ಲಿ ಬರೆದ ಚಿತ್ರವೊಂದಿದೆ. ಅಜ್ಜನ ಮೂಗು ಗಂಟುಗಂಟಾಗಿ ಊದಿದೆ. ರೊಸೇಶಿಯ ಬಲಿತಾಗ, ಹೆಚ್ಚಾಗಿ ಗಂಡಸರಲ್ಲಿ, ಹೀಗಾಗುವುದುಂಟು. ತೋಳಿನಲ್ಲಿರುವ ಮೊಮ್ಮಗು ಆ ಮುಖವನ್ನೇ ಪ್ರೀತಿಯಿಂದ ನೋಡುತ್ತಿದೆ. ಪುಸ್ತಕದಲ್ಲಿ ಅದರ ಪ್ರತಿಯನ್ನು ಕಂಡಾಗ ನನಗೆ ದೊಡ್ಡಪ್ಪನ ನೆನಪಾಯಿತು.

ದೊಡ್ಡಪ್ಪ ಸೈನ್ಯದಿಂದ ನಿವೃತ್ತರಾಗಿ ಬಂದವರು. ಅವರ ಮೂಗೂ ದಪ್ಪವಾಗಿ ಕೆಂಪಾಗಿತ್ತು. ಕ್ಯಾಂಟೀನಿನಿಂದ ಬರುತ್ತಿದ್ದ ರಮ್ಮನ್ನು ನೆಂಟರಿಗೆ ಕೊಟ್ಟುಬಿಡುತ್ತಿದ್ದರು. ಗುರುಕಾರೋಣರಿಗೆ ಮೀದಿ ಇಟ್ಟ ದಿನ ತುಟಿಗೆ ಸೋಕಿಸಿದರೆ ಸೋಕಿಸಿದರು. “ಕುಡಿದರೆ ಮುಖ ಉರಿಯುತ್ತದೆ, ನನಗೆ ಬೇಡ,” ಎನ್ನುತ್ತಿದ್ದರು. ಒಬ್ಬರೂ ನಂಬಲಿಲ್ಲ. ಊರಿನ ಮಕ್ಕಳು ಅವರಿಗೊಂದು ಅಡ್ಡಹೆಸರಿಟ್ಟಿದ್ದರು. ಬೇಲಿಯ ಮರೆಯಲ್ಲಿ ನಿಂತು ಅದನ್ನು ಕೂಗಿದವರಲ್ಲಿ ನಾನೂ ಒಬ್ಬ. ಅವರ ಮಗಳ ಮದುವೆಯ ಚಿತ್ರ ನಮ್ಮ ಮನೆಯ ಗೋಡೆಯ ಮೇಲಿದೆ. ಕುಪ್ಯ ತೊಟ್ಟ ಗಂಡಸರೆಲ್ಲ ನೇರ ನೋಡುತ್ತಿದ್ದಾರೆ. ದೊಡ್ಡಪ್ಪ ಮಾತ್ರ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಿದ್ದಾರೆ. ತಮ್ಮದು ಒಂದು ರೋಗ, ಅದಕ್ಕೊಂದು ಹೆಸರುಂಟು ಎಂಬುದು ತಿಳಿಯದೆಯೇ ಅವರು ತೀರಿಕೊಂಡರು. ನನ್ನ ಮೇಲೆ ಮೂಗರ್ಜಿ ಬರೆದವನನ್ನು ಬೈಯಲು ನನಗೆ ಬಾಯಿ ಬಾರದಿರುವುದು ಇದೇ ಕಾರಣಕ್ಕೆ.

ವೈದ್ಯರ ಪತ್ರ ತಂದುಕೊಟ್ಟರೆ ಸಾಕೆಂದು ಪ್ರಾಂಶುಪಾಲರು ಹೇಳಿದ್ದರು. ಕೊಟ್ಟೆ. ಆದರೆ ಕಡತದಲ್ಲಿ ಸೇರಿದ ಪತ್ರವನ್ನು ತರಗತಿ ಓದುವುದಿಲ್ಲವಷ್ಟೆ. ಮರುದಿನ ಪಾಠಕ್ಕೆ ಮುಂಚೆ ಹತ್ತು ನಿಮಿಷ ತೆಗೆದುಕೊಂಡು, ನನ್ನ ಮುಖಕ್ಕೆ ಏನಾಗಿದೆಯೆಂದು ಹುಡುಗರಿಗೆ ತಿಳಿಸಿದೆ. ಹೇಳುವಾಗ ಅದು ಕೆಂಪಾಯಿತು. ಆಗುತ್ತದೆಂದೂ ಮೊದಲೇ ಹೇಳಿದ್ದೆ. ಯಾರೂ ನಗಲಿಲ್ಲ. ತರಗತಿ ಮುಗಿದ ಮೇಲೆ ಒಬ್ಬ ಹುಡುಗಿ ಹಿಂದೆ ಉಳಿದಳು. “ಸಾರ್, ನಮ್ಮಮ್ಮ ನಾಲ್ಕು ವರ್ಷದಿಂದ ಒಂದು ಕ್ರೀಮು ಹಚ್ಚುತ್ತಾರೆ. ಬಿಟ್ಟರೆ ಮುಖ ಉರಿಯುತ್ತದೆ ಅಂತಾರೆ,” ಎಂದಳು. ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿರುವುದನ್ನು ಬರೆದುಕೊಂಡು ಬರಲು ಹೇಳಿದೆ. ಮಾರನೆಯ ದಿನ ಅವಳು ತಂದ ಚೀಟಿಯಲ್ಲಿ ನನ್ನ ಹಳೆಯ ಮಿತ್ರನ ಹೆಸರೇ ಇತ್ತು. ತಟ್ಟನೆ ನಿಲ್ಲಿಸಬಾರದೆಂದೂ, ಚರ್ಮವೈದ್ಯರ ಸಲಹೆಯಂತೆ ಬಿಡಿಸಬೇಕೆಂದೂ ಹೇಳಿ ಕಳುಹಿಸಿದೆ. ಈ ಲೇಖನ ಬರೆಯಲು ಆ ಚೀಟಿಯೇ ಪ್ರೇರಣೆ.

ರಜೆಗೆ ಊರಿಗೆ ಹೊರಟಾಗ ಹುಣಸೂರು ದಾಟಿ ತಿತಿಮತಿಯ ಕಾಡು ಬರುತ್ತಲೇ ನನ್ನ ಮುಖ ತಣ್ಣಗಾಗುತ್ತದೆ. ಕೊಡಗಿನ ಬಿಸಿಲು ಮೃದುವೆಂದು ಬಹುಕಾಲ ನಂಬಿದ್ದೆ. ಅದು ಸರಿಯಲ್ಲ; ಎತ್ತರದ ಸೀಮೆಯಲ್ಲಿ ಅತಿನೇರಳೆ ಕಿರಣಗಳು ಹೆಚ್ಚೇ ಇರುತ್ತವೆ, ತೆಳುಮೋಡವನ್ನೂ ತೂರಿ ಬರುತ್ತವೆ. ನನ್ನ ಬಾಲ್ಯದ ಮುಖವನ್ನು ಕಾದದ್ದು ತೋಟದ ಮರಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲ ತೋಟಗಾರರು ಮರ ಕಡಿದು ಬಯಲಿನಲ್ಲಿ ಕಾಫಿ ಬೆಳೆಸಹೋಗಿ, ಕಾಂಡಕೊರಕದ ಕಾಟದಿಂದ ಗಿಡಗಳನ್ನು ಕಳೆದುಕೊಂಡ ಮೇಲೆಯೇ ನೆರಳಿನ ಬೆಲೆ ಅರಿತರು. ಈಗ ನಮ್ಮಲ್ಲಿ ಗಿಡಕ್ಕೆ ನೆರಳು ಬೇಕೆಂದರೆ ಯಾರೂ ಅದನ್ನು ದುರ್ಬಲವೆಂದು ಹಳಿಯುವುದಿಲ್ಲ. ಕಳೆದ ಸಲ ಹೋದಾಗ ದೊಡ್ಡಪ್ಪನ ಚಿತ್ರದ ಧೂಳು ಒರೆಸಿ, ಸ್ವಲ್ಪ ಹೊತ್ತು ಅವರ ಆ ತಿರುಗಿದ ಮುಖವನ್ನೇ ನೋಡುತ್ತ ನಿಂತಿದ್ದೆ. ಒಳಗಿನಿಂದ ಅವ್ವ ಕಾಫಿ ತಂದಿಟ್ಟಳು. ತಣಿಯಲೆಂದು ಲೋಟದ ಮುಚ್ಚಳ ತೆಗೆದೇ ತಂದಿದ್ದಳು.