ಕೋಟಾಲದಿನ್ನೆಯ ಬಯಲಿಗಿಳಿದ ಸೂರ್ಯ

ಗೌರಿಬಿದನೂರಿನಿಂದ ಕೋಟಾಲದಿನ್ನೆಯ ಕಡೆಗೆ ಹೊರಟರೆ ಎದುರಾಗುವುದು ಬಯಲುಸೀಮೆಯ ಪರಿಚಿತ ನೋಟ. ಮುಸುಕಿನ ಜೋಳ, ಹಿಪ್ಪುನೇರಳೆ, ಕೊಳವೆಬಾವಿ, ದೂರದಲ್ಲಿ ಬಂಡೆಗುಡ್ಡಗಳ ಸಾಲು. ಆಮೇಲೆ ಒಂದು ಬೇಲಿ, ಅದರಾಚೆ ಬಯಲ ತುಂಬ ಕಂಬಗಳು. ಕಂಬಕಂಬಕ್ಕೂ ಅಡ್ಡಡ್ಡ ಲೋಹದ ಕಡ್ಡಿಗಳು. ಬುಡದಲ್ಲಿ ಉದ್ದ, ತುದಿಗೆ ಹೋದಂತೆ ಗಿಡ್ಡ. ದೂರದರ್ಶನದ ಕಾಲದಲ್ಲಿ ಊರ ಮಾಳಿಗೆಗಳ ಮೇಲಿದ್ದ ಆಂಟೆನಾಗಳೆಲ್ಲ ಇಳಿದು ಬಂದು, ಆಕಾಶಕ್ಕೆ ಮುಖ ಮಾಡಿ ಸಾಲುಗಟ್ಟಿ ನಿಂತ ಹಾಗಿದೆ.

ಗುಮ್ಮಟವಿಲ್ಲ, ಮಸೂರವಿಲ್ಲ. ಆದರೂ ಇದು ದೂರದರ್ಶಕವೇ. ಸೂರ್ಯನ ಕರೋನಾವನ್ನು, ಅಂದರೆ ಅವನ ಹೊರಗಿನ ತೆಳ್ಳನೆಯ ವಾತಾವರಣವನ್ನು, ರೇಡಿಯೊ ಅಲೆಗಳಲ್ಲಿ ನೋಡುವ ಹೀಲಿಯೋಗ್ರಾಫ್. ಭಾರತೀಯ ಖಭೌತ ಸಂಸ್ಥೆ ಇದನ್ನು ನಡೆಸತೊಡಗಿದ್ದು 1997ರಲ್ಲಿ. ಅದಕ್ಕೂ ಎರಡು ದಶಕ ಮೊದಲೇ, ರೇಡಿಯೊ ಖಗೋಳವಿಜ್ಞಾನಿ ಸಿ.ಎಚ್.ವಿ. ಶಾಸ್ತ್ರಿಯವರ ಕಾಲದಲ್ಲಿ, ಈ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಕೂಡಿ ಇಲ್ಲಿ 'ಟಿ' ಆಕಾರದಲ್ಲಿ ಸಾವಿರ ಡೈಪೋಲ್ ಆಂಟೆನಾಗಳನ್ನು ನೆಟ್ಟಿದ್ದವು. ಪೂರ್ವ-ಪಶ್ಚಿಮದ ತೋಳೊಂದೇ ಕಿಲೋಮೀಟರಿಗೂ ಉದ್ದ. 34.5 ಮೆಗಾಹರ್ಟ್ಸ್‌ನಲ್ಲಿ ಆಗಸದ ನಕ್ಷೆ ಬರೆದದ್ದು ಆ ವ್ಯೂಹ.

ಸೂರ್ಯನ ಮೇಲ್ಮೈಯ ಬಿಸಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅಲ್ಲಿಂದ ಹೊರಕ್ಕೆ ಹೋದಂತೆ ತಣ್ಣಗಾಗಬೇಕಿತ್ತಲ್ಲವೆ? ಕರೋನಾದಲ್ಲಿ ಬಿಸಿ ಹತ್ತು ಲಕ್ಷ ಡಿಗ್ರಿ ಮೀರುತ್ತದೆ. ಆ ಕಾವು ಏರುವ ಬಗೆ ಇನ್ನೂ ಪೂರ್ತಿ ಬಿಡಿಸಿಲ್ಲದ ಒಗಟು. ಬರಿಗಣ್ಣಿಗೆ ಕರೋನಾ ಕಾಣುವುದು ಪೂರ್ಣಗ್ರಹಣದ ಕೆಲವೇ ನಿಮಿಷ. 1980ರ ಫೆಬ್ರವರಿ 16ರಂದು ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಆ ನೆರಳು ಹಾದುಹೋದಾಗ ಎಷ್ಟೋ ಮನೆಗಳು ಬಾಗಿಲು ಹಾಕಿಕೊಂಡಿದ್ದವು. ಅಂಥ ಭಯಗಳ ವಿರುದ್ಧ ಬದುಕಿಡೀ ಮಾತಾಡಿದ ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯನವರು ಹುಟ್ಟಿದ್ದು ಇದೇ ತಾಲ್ಲೂಕಿನ ಹೊಸೂರಿನಲ್ಲಿ. ಅವರ ನೆಲದಲ್ಲೇ ಈ ವೀಕ್ಷಣಾಲಯ ನಿಂತಿರುವುದು ನನಗೆ ಬಹಳ ಹಿತವೆನಿಸುತ್ತದೆ.

ಈ ಬಯಲಿಗೆ ಗ್ರಹಣ ಬೇಕಿಲ್ಲ. ನಡುಹಗಲ ಆಸುಪಾಸಿನಲ್ಲಿ ಸೂರ್ಯ ನೆತ್ತಿಗೇರಿದಾಗ ಕಂಬಗಳು ಹಿಡಿದ ಅಲೆಗಳು ಕೇಬಲ್‌ಗಳಲ್ಲಿ ಹರಿದು ಒಳಗಿನ ಕೋಣೆಗೆ ಸೇರುತ್ತವೆ. ಅಲ್ಲಿ ಅವನ್ನು ಒಂದಕ್ಕೊಂದು ಹೋಲಿಸಿ ಚಿತ್ರ ಕಟ್ಟುತ್ತಾರೆ. ಮೋಡ ಕವಿದಿದ್ದರೂ ಅಡ್ಡಿಯಿಲ್ಲ. ಕಣ್ಣು ಕುಕ್ಕುವ ಬಿಂಬವನ್ನು ಮರೆಮಾಡುವ ಗೊಡವೆಯೂ ಇಲ್ಲ. 40ರಿಂದ 120 ಮೆಗಾಹರ್ಟ್ಸ್‌ವರೆಗಿನ ಈ ಅಲೆಗಳು ಹೊರಡುವುದೇ ಕರೋನಾದಿಂದ. ಹಾಗಾಗಿ ಇಲ್ಲಿ ಮೂಡುವ ಸೂರ್ಯ ನಾವು ಕಾಣುವ ಬಿಂಬಕ್ಕಿಂತ ದೊಡ್ಡವನು, ಅಂಚು ಮಸುಕಾದವನು.

ಇದರಲ್ಲಿ ನನ್ನನ್ನು ತೀರ ಬೆರಗುಗೊಳಿಸಿದ್ದು ಆವರ್ತನವೇ ಅಳತೆಗೋಲಾಗುವ ರೀತಿ. ಕರೋನಾದಲ್ಲಿ ಮೇಲೇರಿದಂತೆ ಎಲೆಕ್ಟ್ರಾನುಗಳು ವಿರಳವಾಗುತ್ತವೆ, ವಿರಳವಾದಷ್ಟೂ ಅಲ್ಲಿಂದ ಬರುವ ಅಲೆಯ ಆವರ್ತನ ಇಳಿಯುತ್ತದೆ. ಕೆಳಗಿನ ಪದರಕ್ಕೆ ಹೆಚ್ಚಿನ ಆವರ್ತನ, ಮೇಲಿನದಕ್ಕೆ ಕಡಿಮೆ. ಸೂರ್ಯನಿಂದ ಪ್ಲಾಸ್ಮಾದ ರಾಶಿ ಸಿಡಿದು ಮುನ್ನುಗ್ಗಿದಾಗ, ಅದರ ಮುಂದೆ ಎದ್ದ ಆಘಾತದ ಅಲೆ, ಹೊತ್ತಿಗೆ ತಕ್ಕಂತೆ ಆವರ್ತನವನ್ನು ತೋರುವ ಪರದೆಯ ಮೇಲೆ ನಿಮಿಷಗಟ್ಟಲೆ ಮೆಲ್ಲಗೆ ಜಾರುವ ಗೆರೆಯಾಗುತ್ತದೆ. ಬೆಳಕಿನ ವೇಗದ ಮೂರನೆಯ ಒಂದು ಪಾಲಿನಷ್ಟು ರಭಸದ ಎಲೆಕ್ಟ್ರಾನುಗಳ ಗೆರೆಯೋ, ಕೆಲವೇ ಸೆಕೆಂಡಿನಲ್ಲಿ ನೆಟ್ಟಗೆ ಬಿದ್ದುಬಿಡುತ್ತದೆ. ಗೆರೆಯ ಇಳಿಜಾರು ನೋಡಿ ವೇಗ ಹೇಳಬಹುದು. ಅಲೆಗಳ ಧ್ರುವೀಕರಣದಿಂದ, ಅಂದರೆ ಅವು ಕಂಪಿಸುವ ಬಗೆಯಿಂದ, ಕರೋನಾದ ಕಾಂತಕ್ಷೇತ್ರವನ್ನು ಅಂದಾಜಿಸುತ್ತಾರೆ. ಬೇರೆ ದಾರಿಗಳಲ್ಲಿ ಸುಲಭವಾಗಿ ದಕ್ಕದ ಅಳತೆಯದು.

ನಮ್ಮ ಎಫ್ಎಂ ರೇಡಿಯೊ ಹಾಡುವ 88ರಿಂದ 108 ಮೆಗಾಹರ್ಟ್ಸ್ ಕೂಡ ಇದೇ ಪಟ್ಟಿಯೊಳಗಿದೆ. ನಗರದ ಗದ್ದಲ ಇತ್ತ ಹಬ್ಬಿದಷ್ಟೂ ಈ ಆಲಿಸುವಿಕೆ ಕಷ್ಟವಾಗುತ್ತದೆ. ಬೆಂಗಳೂರಿನಿಂದ ದೂರದಲ್ಲಿ, ಇಂಥದ್ದೊಂದು ಹಳ್ಳಿಯ ಬದಿಯಲ್ಲಿ ಇದು ಇರುವುದು ಅದಕ್ಕೇ. ಈ ನಿಶ್ಶಬ್ದವನ್ನು ಕಾಯುವುದು ಕೆರೆ ಕಾಯುವುದಕ್ಕಿಂತ ಕಡಿಮೆಯ ಕೆಲಸವಲ್ಲ.

2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆ ಈಗ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ನಿಂತು ಕರೋನಾವನ್ನು ಬೆಳಕಿನಲ್ಲಿ ನೋಡುತ್ತಿದೆ. ಅದರ ಮುಖ್ಯ ಉಪಕರಣವನ್ನು ಕಟ್ಟಿದ್ದು ಹೊಸಕೋಟೆಯ ಬಳಿ, ಇದೇ ಖಭೌತ ಸಂಸ್ಥೆಯವರು. ಒಂದೇ ಸ್ಫೋಟವನ್ನು ಅಲ್ಲಿಂದ ಬೆಳಕಿನಲ್ಲೂ ಕೋಟಾಲದಿನ್ನೆಯಿಂದ ರೇಡಿಯೊದಲ್ಲೂ ಹಿಡಿದರೆ, ಸಿಡಿದ ರಾಶಿಯ ಆಕಾರವೂ ಅದು ಎಬ್ಬಿಸಿದ ಆಘಾತವೂ ಜೊತೆಯಲ್ಲೇ ಓದಲು ಸಿಗುತ್ತವೆ.