ಸಸಿಯೊಡನೆ ಅರಿವನ್ನೂ ಹಂಚೋಣ

ಮುಂಗಾರಿನ ಮಳೆ ಹಿಡಿಯುತ್ತಿದ್ದಂತೆ ನಮ್ಮ ಊರುಗಳಲ್ಲಿ ತೋಟಗಾರಿಕಾ ಸಂಘಗಳು, ಉದ್ಯಾನ ಬಳಗಗಳು ಚುರುಕಾಗುತ್ತವೆ. ಶಾಲೆಯ ಅಂಗಳದಲ್ಲಿ ಕೈತೋಟ ಹಾಕಿಸುವುದು, ಬಡಾವಣೆಯ ಉದ್ಯಾನವನ್ನು ನೋಡಿಕೊಳ್ಳುವುದು, ಬೀಜ ವಿನಿಮಯ ಮಾಡಿಕೊಳ್ಳುವುದು, ಮನೆ ಮನೆಗೆ ಸಸಿ ಹಂಚುವುದು ಅವುಗಳ ನಿತ್ಯದ ಕಾರ್ಯಗಳು. ಇತ್ತೀಚಿನ ವರ್ಷಗಳಲ್ಲಿ ಔಷಧಿ ಸಸ್ಯಗಳ ಉಚಿತ ವಿತರಣೆಯೂ ಇವುಗಳ ಜೊತೆಗೆ ಸೇರಿಕೊಂಡಿದೆ. ಅಮೃತಬಳ್ಳಿ, ಒಂದೆಲಗ, ದೊಡ್ಡಪತ್ರೆ, ನೆಲನೆಲ್ಲಿಗಳು ಮತ್ತೆ ಹಿತ್ತಿಲಿಗೆ ಮರಳುತ್ತಿರುವುದು ಆಯುರ್ವೇದವನ್ನು ನಂಬಿದ ನಮ್ಮಂಥವರಿಗೆ ಸಂತೋಷದ ಸಂಗತಿ.

ಇಂತಹ ಸಂಘಗಳಿಗೆ ನಮ್ಮ ನಾಡಿನಲ್ಲಿ ಶತಮಾನದ ಹಿನ್ನೆಲೆಯಿದೆ. ಬೆಂಗಳೂರಿನ ಲಾಲ್‌ಬಾಗ್ ಉದ್ಯಾನವು 1760ರಲ್ಲಿ ಹೈದರ್ ಅಲಿಯ ಕಾಲದಲ್ಲಿ ಆರಂಭವಾಯಿತು. ಅಲ್ಲಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಿತು. 1912ರಲ್ಲಿ ಸ್ಥಾಪನೆಯಾದ ಮೈಸೂರು ಉದ್ಯಾನಕಲಾ ಸಂಘವು ತೋಟಗಾರಿಕೆ ಇಲಾಖೆಯೊಡನೆ ಕೂಡಿ ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯೋತ್ಸವದ ಸಂದರ್ಭಗಳಲ್ಲಿ ಅದೇ ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನವನ್ನು ನಡೆಸಿಕೊಂಡು ಬಂದಿದೆ. ಮನೆಯ ಕೈತೋಟಗಳಿಗೆ, ತಾರಸಿ ತೋಟಗಳಿಗೆ, ಸಂಸ್ಥೆಗಳ ಉದ್ಯಾನಗಳಿಗೆ ಸ್ಪರ್ಧೆಗಳನ್ನೂ ಏರ್ಪಡಿಸುತ್ತದೆ. ಹೂವನ್ನು ನೋಡಲು ಬಂದ ಜನ ತಾವೂ ಒಂದು ಗಿಡ ಬೆಳೆಸೋಣವೆಂಬ ಆಸೆ ಹೊತ್ತು ಹೋಗುವಂತೆ ಮಾಡಿದ್ದು ಇಂತಹ ಸಂಘಗಳ ದೊಡ್ಡ ಕೊಡುಗೆ.

ಆದರೆ ಹೂವಿನ ಸಸಿಯನ್ನು ಕೊಡುವುದಕ್ಕೂ ಔಷಧಿಯ ಸಸಿಯನ್ನು ಕೊಡುವುದಕ್ಕೂ ವ್ಯತ್ಯಾಸವಿದೆ. ಹೂವಿನ ಗಿಡದ ಹೆಸರು ತಪ್ಪಾದರೆ ಯಾರಿಗೂ ನಷ್ಟವಿಲ್ಲ. ಔಷಧಿ ಗಿಡದ ಗುರುತು ತಪ್ಪಿದರೆ, ಬಳಸುವ ಕ್ರಮ ತಪ್ಪಿದರೆ, ಅದರ ಫಲವನ್ನು ಉಣ್ಣುವುದು ದೇಹ. ಆದುದರಿಂದ ಸಸಿ ಹಂಚುವ ಬಳಗವು ಅದರೊಡನೆ ಅರಿವನ್ನೂ ಹಂಚಬೇಕು ಎಂಬುದೇ ಈ ಲೇಖನದಲ್ಲಿ ನಾವು ಹೇಳಬಯಸುವ ಮಾತು.

ತೋಟದ ಕೆಲಸವೇ ಮೊದಲ ಔಷಧಿ

ಎಲೆ ಬೇರುಗಳ ಗುಣವನ್ನು ವಿಚಾರಿಸುವ ಮೊದಲು ತೋಟದ ಕೆಲಸದ ಗುಣವನ್ನು ಅರಿಯೋಣ. ಅಮೆರಿಕದ ಡೆನ್ವರ್ ನಗರದ ಸಮುದಾಯ ತೋಟಗಳಲ್ಲಿ ನಡೆದ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. 291 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ತೋಟದಲ್ಲಿ ಒಂದೊಂದು ಪಾತಿ, ಬೀಜ, ಸಸಿಗಳ ಜೊತೆಗೆ ತೋಟಗಾರಿಕೆಯ ಪ್ರಾಥಮಿಕ ತರಬೇತಿಯನ್ನೂ ಕೊಡಲಾಯಿತು. ಇನ್ನೊಂದು ಗುಂಪಿನವರು ತೋಟಗಾರಿಕೆ ಮಾಡದೆ ಕಾಯಬೇಕಾಗಿತ್ತು. ತೋಟ ಮಾಡಿದವರ ಆಹಾರದಲ್ಲಿ ನಾರಿನ ಅಂಶ ದಿನಕ್ಕೆ ಸುಮಾರು 1.4 ಗ್ರಾಂನಷ್ಟು, ದೇಹಶ್ರಮ ದಿನಕ್ಕೆ ಸುಮಾರು 6 ನಿಮಿಷದಷ್ಟು ಇನ್ನೊಂದು ಗುಂಪಿಗಿಂತ ಹೆಚ್ಚಾಗಿತ್ತು. ಮನಸ್ಸಿನ ಒತ್ತಡ, ಆತಂಕಗಳೂ ತಗ್ಗಿದ್ದವು. ಇವು ಸಣ್ಣ ಅಂಕಿಗಳೇ ಸರಿ. ಆದರೆ ಯಾವ ಗುಳಿಗೆಯನ್ನೂ ನುಂಗದೆ, ಯಾರ ಒತ್ತಾಯವೂ ಇಲ್ಲದೆ ದೊರೆತ ಲಾಭವಿದು. ಅಲ್ಲಿಯೂ ಸಸಿಯೊಡನೆ ತರಬೇತಿಯನ್ನು ಕೊಟ್ಟಿದ್ದರೆಂಬುದನ್ನು ಗಮನಿಸಬೇಕು.

ವಯಸ್ಸಾದವರು ಎಷ್ಟು ಶ್ರಮಿಸಬೇಕೆಂಬ ಪ್ರಶ್ನೆಗೆ ಆಯುರ್ವೇದದ ಉತ್ತರ ಸರಳವಾಗಿದೆ. ಅರ್ಧಶಕ್ತಿಗೆ ನಿಲ್ಲಿಸಬೇಕು. ಹಣೆಯಲ್ಲಿ, ಕಂಕುಳಲ್ಲಿ ಬೆವರು ಮೂಡಿ, ಬಾಯಿಯಿಂದ ಉಸಿರಾಡುವ ಸ್ಥಿತಿ ಬಂದರೆ ಅದೇ ಅರ್ಧಶಕ್ತಿಯ ಸೂಚನೆ. ಬೇಸಿಗೆಯಲ್ಲಿ ಇನ್ನೂ ಕಡಿಮೆ ಸಾಕು. ಮೊಣಕಾಲು ನೋವಿರುವವರು ಕುಕ್ಕರಗಾಲಿನಲ್ಲಿ ಕೂರದೆ ಸೊಂಟದೆತ್ತರದ ಕಟ್ಟೆಯ ಮೇಲೆ ಕುಂಡಗಳನ್ನಿಟ್ಟು ಕೆಲಸ ಮಾಡಬಹುದು. ಸಂಘಗಳು ಅಂತಹ ಒಂದೆರಡು ಕಟ್ಟೆಗಳನ್ನು ಸಾರ್ವಜನಿಕ ಉದ್ಯಾನದಲ್ಲಿ ನಿರ್ಮಿಸಿದರೆ ಹಿರಿಯರು ತಾವಾಗಿಯೇ ಬರುತ್ತಾರೆ.

ಹೆಸರೊಂದು, ಗಿಡ ಎರಡು

ಔಷಧಿ ಸಸ್ಯಗಳಲ್ಲಿ ಎದುರಾಗುವ ಮೊದಲ ತೊಡಕು ಹೆಸರಿನದು. ನಮ್ಮ ಬಹುತೇಕ ಊರುಗಳಲ್ಲಿ ಒಂದೆಲಗವನ್ನೇ ಬ್ರಾಹ್ಮಿ ಎನ್ನುವ ರೂಢಿಯಿದೆ. ಶಾಸ್ತ್ರದ ಪ್ರಕಾರ ಒಂದೆಲಗವು ಮಂಡೂಕಪರ್ಣಿ. ಬ್ರಾಹ್ಮಿ ಎಂದು ಈಗ ಸಾಮಾನ್ಯವಾಗಿ ಪರಿಗಣಿಸುವುದು ನೀರುಬ್ರಾಹ್ಮಿಯನ್ನು. ಒಂದರ ಎಲೆ ದುಂಡಗೆ, ಬಟ್ಟಲಿನಂತೆ. ಇನ್ನೊಂದರದು ಕಿರಿದಾಗಿ, ದಪ್ಪಗೆ. ಇವೆರಡೂ ಬುದ್ಧಿವರ್ಧಕಗಳೆಂದು ಹೆಸರಾದವುಗಳೇ ಆದುದರಿಂದ ಇಲ್ಲಿ ಆಗುವ ಹಾನಿ ಅಲ್ಪ.

ಅಮೃತಬಳ್ಳಿಯ ವಿಷಯ ಹಾಗಲ್ಲ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅನೇಕರು ತಿಂಗಳುಗಟ್ಟಲೆ ಇದರ ಕಷಾಯವನ್ನು ಕುಡಿದರು. ಮುಂಬಯಿಯ ವೈದ್ಯರು 2021ರಲ್ಲಿ, ಹೀಗೆ ಸೇವಿಸಿದ ಆರು ರೋಗಿಗಳಿಗೆ ಯಕೃತ್ತಿನ ಹಾನಿಯಾದುದನ್ನು ವರದಿ ಮಾಡಿದರು. ಬೇರೆ ಗಿಡವನ್ನು ಅಮೃತಬಳ್ಳಿಯೆಂದು ಬಳಸಿರಬಹುದೆಂಬ ಅಭಿಪ್ರಾಯವೂ ಬಂದಿತು. ಕೇಂದ್ರ ಆಯುಷ್ ಸಚಿವಾಲಯವು 2022ರಲ್ಲಿ ಅಮೃತಬಳ್ಳಿಯನ್ನೂ ಅದನ್ನು ಹೋಲುವ ಟಿನೋಸ್ಪೋರಾ ಕ್ರಿಸ್ಪಾ ಎಂಬ ಬಳ್ಳಿಯನ್ನೂ ಬೇರ್ಪಡಿಸಿ ಗುರುತಿಸುವ ಸೂಚನೆಯನ್ನು ಹೊರಡಿಸಿತು. ಅದರಂತೆ, ಕ್ರಿಸ್ಪಾದ ಕಾಂಡದ ಮೇಲೆ ತುಂಬ ಗಂಟುಗಂಟಾದ ಉಬ್ಬುಗಳಿರುತ್ತವೆ, ಕತ್ತರಿಸಿದರೆ ಹಾಲಿನಂತಹ ದ್ರವ ಬರುತ್ತದೆ. ಅಮೃತಬಳ್ಳಿಯ ಹಸಿರು ಕಾಂಡದಲ್ಲಿ ಅಂತಹ ಉಬ್ಬುಗಳಿಲ್ಲ, ಹಾಲೂ ಇಲ್ಲ. ಎರಡರ ಎಲೆಯೂ ಹೃದಯದ ಆಕಾರವೇ ಆದುದರಿಂದ ಎಲೆಯೊಂದನ್ನೇ ನೋಡಿ ನಿರ್ಣಯಿಸಬಾರದು.

ನಿಜವಾದ ಅಮೃತಬಳ್ಳಿಯಿಂದಲೂ ಕೆಲವರಲ್ಲಿ ಇಂತಹ ತೊಂದರೆ ಆಗಬಹುದೆಂದು ಯಕೃತ್ ತಜ್ಞರು ಹೇಳುತ್ತಾರೆ. ಈ ಚರ್ಚೆ ಮುಗಿದಿಲ್ಲ. ಅಮೃತಬಳ್ಳಿಯನ್ನು ದಶಕಗಳಿಂದ ಬಳಸುತ್ತ ಬಂದಿರುವ ನಾವು ಆ ಮಾತನ್ನು ತಳ್ಳಿಹಾಕುವುದಿಲ್ಲ. ಯಕೃತ್ತಿನ ಕಾಯಿಲೆ ಇರುವವರು, ಸ್ವರೋಗನಿರೋಧಕ ದೋಷದ ಥೈರಾಯ್ಡ್ ಮೊದಲಾದ ವ್ಯಾಧಿಗಳಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಸೇವಿಸಬಾರದು. ಸೇವಿಸುತ್ತಿರುವಾಗ ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ, ಹಸಿವು ಇಂಗಿದರೆ ಕೂಡಲೇ ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸಬೇಕು.

ಚರಕ ಸಂಹಿತೆಯ ಮೊದಲ ಅಧ್ಯಾಯವೇ ಈ ಎಚ್ಚರವನ್ನು ಹೇಳುತ್ತದೆ. ಕುರಿ ಕಾಯುವವರು, ದನ ಕಾಯುವವರು, ವನವಾಸಿಗಳು ಗಿಡಗಳ ಹೆಸರನ್ನೂ ರೂಪವನ್ನೂ ಬಲ್ಲರೆಂದು ಅವರ ಜ್ಞಾನವನ್ನು ಮನ್ನಿಸುವ ಆ ಗ್ರಂಥ, ಹೆಸರು ರೂಪಗಳನ್ನು ಬಲ್ಲ ಮಾತ್ರಕ್ಕೆ ಬಳಕೆಯನ್ನು ಬಲ್ಲಂತಾಗುವುದಿಲ್ಲವೆಂದೂ ಸ್ಪಷ್ಟಪಡಿಸುತ್ತದೆ. ಗುರುತು ಒಂದು ವಿದ್ಯೆ, ಪ್ರಯೋಗ ಇನ್ನೊಂದು ವಿದ್ಯೆ.

ಗಿಡ ಸರಿ, ಬಳಕೆ ತಪ್ಪು

ಕೈತೋಟಗಳಲ್ಲಿ ಈಗ ಬಹು ಜನಪ್ರಿಯವಾಗಿರುವ 'ಇನ್ಸುಲಿನ್ ಗಿಡ' ದಕ್ಷಿಣ ಅಮೆರಿಕ ಮೂಲದ್ದು. ನಮ್ಮ ಪ್ರಾಚೀನ ಸಂಹಿತೆಗಳಲ್ಲಿ ಇದರ ಉಲ್ಲೇಖವಿಲ್ಲ. ಹೆಸರಿನಲ್ಲಿ ಇನ್ಸುಲಿನ್ ಇದ್ದರೂ ಎಲೆಯನ್ನು ಅಗಿದರೆ ಇನ್ಸುಲಿನ್ ದೊರೆಯುವುದಿಲ್ಲ. ದಿನಕ್ಕೊಂದು ಎಲೆ ತಿನ್ನುತ್ತೇವೆಂಬ ಧೈರ್ಯದಿಂದ ಮಧುಮೇಹದ ಗುಳಿಗೆಯನ್ನು ನಿಲ್ಲಿಸುವವರನ್ನು ನಾವು ಕಾಣುತ್ತಿದ್ದೇವೆ. ಸಕ್ಕರೆ ಏರಿ ಕಣ್ಣು, ಮೂತ್ರಪಿಂಡ, ಪಾದಗಳು ಕೆಡುವುದು ನಿಶ್ಶಬ್ದವಾಗಿ. ಗುಳಿಗೆಯ ಜೊತೆಯಲ್ಲಿಯೇ ಇಂತಹ ಎಲೆ, ಕಷಾಯಗಳನ್ನು ಸೇವಿಸಿದರೆ ಸಕ್ಕರೆ ತೀರ ಇಳಿದು ತಲೆಸುತ್ತು, ಬೆವರು, ಮೂರ್ಛೆ ಉಂಟಾಗುವ ಸಂಭವವೂ ಇದೆ. ಏನನ್ನು ಸೇವಿಸುತ್ತಿದ್ದರೂ ನಿಮ್ಮ ವೈದ್ಯರಿಗೆ ಅದನ್ನು ಮುಚ್ಚುಮರೆಯಿಲ್ಲದೆ ತಿಳಿಸಿರಿ.

ಚಕ್ರಮುನಿ ಸೊಪ್ಪಿನ ಉದಾಹರಣೆ ಇನ್ನೂ ಬೋಧಪ್ರದ. ಇದನ್ನು ಬೇಯಿಸಿ ಪಲ್ಯ, ತಂಬುಳಿ, ಸಾರುಗಳಲ್ಲಿ ಆಗಾಗ ಬಳಸುವುದು ನಮ್ಮಲ್ಲಿ ರೂಢಿ. ತೈವಾನಿನಲ್ಲಿ 1995ರ ಸುಮಾರಿಗೆ ತೂಕ ಇಳಿಸಲೆಂದು ಅನೇಕರು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದರು. ಅವರಲ್ಲಿ ನೂರಾರು ಜನರ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗಿ ಉಸಿರಾಟವೇ ಕಷ್ಟವಾಯಿತು. ಅದೇ ಎಲೆ ಬೇಯಿಸಿ, ಮಿತವಾಗಿ ಉಂಡಾಗ ಆಹಾರ. ಹಸಿಯಾಗಿ, ಅತಿಯಾಗಿ ಕುಡಿದಾಗ ಅಪಾಯ.

ಪೂಜೆಯ ಹೂಗಳ ಬಗ್ಗೆ

ಭಕ್ತರ ಮನೆಯಂಗಳದಲ್ಲಿ ಬಿಲ್ವದೊಡನೆ ಎಕ್ಕ, ಉಮ್ಮತ್ತಿ, ಕಣಗಿಲೆಗಳೂ ಇರುತ್ತವೆ. ಇವುಗಳನ್ನು ಕಿತ್ತುಹಾಕಿರೆಂದು ನಾವು ಹೇಳುವುದಿಲ್ಲ. ಆದರೆ ಎಕ್ಕ, ಉಮ್ಮತ್ತಿ, ಕಣಗಿಲೆ, ಗುಲಗಂಜಿ ಇವು ನಾಲ್ಕನ್ನೂ ಆಯುರ್ವೇದವು ಉಪವಿಷಗಳ ಪಟ್ಟಿಯಲ್ಲಿ ಸೇರಿಸಿದೆಯೆಂಬುದು ಮನೆಯವರೆಲ್ಲರಿಗೂ ತಿಳಿದಿರಬೇಕು.

ಎಕ್ಕದ ಹೂ ಬಿಡಿಸುವಾಗ ಅದರ ಹಾಲು ಕಣ್ಣಿಗೆ ತಗುಲಿದರೆ ನೋವು ಹೆಚ್ಚಾಗಿ ಕಾಣದಿದ್ದರೂ ದೃಷ್ಟಿ ಮಂಜಾಗಬಹುದು. ಕೂಡಲೇ ಶುದ್ಧ ನೀರಿನಿಂದ ಹದಿನೈದು ಇಪ್ಪತ್ತು ನಿಮಿಷ ತೊಳೆದು ನೇತ್ರವೈದ್ಯರಲ್ಲಿಗೆ ಹೋಗಬೇಕು. ಕಣಗಿಲೆಯ, ಅದರಲ್ಲಿಯೂ ಹಳದಿ ಕಣಗಿಲೆಯ ಬೀಜ ಹೃದಯದ ಬಡಿತವನ್ನು ಕೆಡಿಸುತ್ತದೆ. ಉಮ್ಮತ್ತಿಯ ಬೀಜ ತಿಂದವರಿಗೆ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಭ್ರಮೆ ಉಂಟಾಗುತ್ತದೆ. ಗುಲಗಂಜಿಯನ್ನು ಮಗು ಅಗಿದರೆ ಪ್ರಾಣಾಪಾಯ. ಇಂತಹ ಸಂದರ್ಭದಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಯತ್ನಿಸದೆ, ತಿಂದ ಗಿಡದ ತುಣುಕನ್ನು ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಧಾವಿಸಿರಿ. ತುರ್ತಿಗೆ 108ಕ್ಕೆ ಕರೆ ಮಾಡಿರಿ. ಮನೆಮದ್ದಿಗೆ ಇದು ಸಮಯವಲ್ಲ.

ಕುಂಡದ ತಟ್ಟೆ, ಬರಿಗಾಲು

ತೋಟ ಬೆಳೆಸುವ ಬಡಾವಣೆಯಲ್ಲಿ ಡೆಂಗಿ ಬೆಳೆಯಬಾರದು. ಈ ಜ್ವರವನ್ನು ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಕುಂಡದ ಕೆಳಗಿನ ತಟ್ಟೆ, ನೀರು ತುಂಬಿಟ್ಟ ಡ್ರಮ್ಮು, ಒಡೆದ ಚಿಪ್ಪು, ಹಳೆಯ ಟೈರು ಇವೇ ಅದರ ತೊಟ್ಟಿಲು. ನೀರನ್ನು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತವೆ. ಆದುದರಿಂದ ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು. ಕರ್ನಾಟಕ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಎಡೆಗೊಡುವವರಿಗೆ ದಂಡವನ್ನೂ ವಿಧಿಸಿದೆ. ದಂಡದ ಭಯಕ್ಕಿಂತ ಪಕ್ಕದ ಮನೆಯ ಮಗುವಿನ ಮೇಲಿನ ಕಾಳಜಿ ನಮ್ಮನ್ನು ಎಚ್ಚರಿಸಬೇಕು.

ಮಣ್ಣಿನಲ್ಲಿ ಬರಿಗಾಲಿನಲ್ಲಿ ದುಡಿಯುವುದೂ ಒಳ್ಳೆಯದಲ್ಲ. ಕೊಕ್ಕೆಹುಳು ಪಾದದ ಚರ್ಮದ ಮೂಲಕವೇ ದೇಹವನ್ನು ಸೇರಿ ರಕ್ತಹೀನತೆಯನ್ನು ತರುತ್ತದೆ. ಮಧುಮೇಹಿಗಳಿಗೆ ಮುಳ್ಳು ಚುಚ್ಚಿದ್ದೂ ತಿಳಿಯದೆ ಹುಣ್ಣಾಗಬಹುದು. ಧನುರ್ವಾಯುವಿನ ಲಸಿಕೆಯನ್ನು ದೊಡ್ಡವರೂ ಹತ್ತು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು. ಗೊಬ್ಬರ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಳಗಗಳು ಮಾಡಬಹುದಾದ ಕಾರ್ಯ

ಇಷ್ಟೆಲ್ಲ ಹೇಳಿದುದು ಭಯಪಡಿಸಲೆಂದಲ್ಲ. ಊರಿನ ಉದ್ಯಾನ ಬಳಗಗಳು ಮನಸ್ಸು ಮಾಡಿದರೆ ಈ ಎಲ್ಲ ತೊಡಕುಗಳೂ ಸುಲಭವಾಗಿ ಬಗೆಹರಿಯುತ್ತವೆ. ನಮಗೆ ತೋಚಿದ ಕೆಲವು ಕ್ರಮಗಳಿವು.

ಮೊದಲನೆಯದಾಗಿ, ಪ್ರತಿಯೊಂದು ಸಸಿಯೊಡನೆ ಒಂದು ಚೀಟಿ ಇರಲಿ. ಅದರಲ್ಲಿ ಗಿಡದ ಕನ್ನಡ ಹೆಸರು, ಸಂಸ್ಕೃತದ ಹೆಸರು, ಕನ್ನಡ ಲಿಪಿಯಲ್ಲಿಯೇ ಸಸ್ಯಶಾಸ್ತ್ರೀಯ ಹೆಸರು, ಬಳಸುವ ಭಾಗ, ಯಾರು ಬಳಸಬಾರದು ಎಂಬ ಐದು ಸಂಗತಿಗಳು ಸಾಕು. ಆ ಚೀಟಿಯನ್ನು ಸ್ಥಳೀಯ ಆಯುರ್ವೇದ ವೈದ್ಯರಿಗೂ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರಿಗೂ ತೋರಿಸಿಯೇ ಅಚ್ಚು ಮಾಡಿಸಬೇಕು.

ಎರಡನೆಯದಾಗಿ, ಹಂಚಲು ಅಡುಗೆಮನೆಗೆ ಪರಿಚಿತವಾದ ಗಿಡಗಳನ್ನೇ ಮೊದಲು ಆರಿಸಿಕೊಳ್ಳಿರಿ. ಕರಿಬೇವು, ನುಗ್ಗೆ, ಬಸಳೆ, ದೊಡ್ಡಪತ್ರೆ, ಒಂದೆಲಗ, ಶುಂಠಿ, ಅರಿಶಿನಗಳು ಊಟದ ಎಲೆಗೆ ಬರುತ್ತವೆ. ದಿನಕ್ಕೆ 400 ಗ್ರಾಂ ಹಣ್ಣು ತರಕಾರಿಗಳನ್ನು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿತ್ತಿಲಿನ ಸೊಪ್ಪು ಆ ಕೊರತೆಯನ್ನು ತುಂಬುವುದೇ ಅದರ ದೊಡ್ಡ ವೈದ್ಯ.

ಮೂರನೆಯದಾಗಿ, ತಿಂಗಳಿಗೊಮ್ಮೆ ಗುರುತಿನ ನಡಿಗೆ ಏರ್ಪಡಿಸಿರಿ. ಊರಿನ ಹಿರಿಯರು, ನಾಟಿವೈದ್ಯರು, ಕುರುಬರು ಗಿಡವನ್ನು ತೋರಿಸಲಿ. ವೈದ್ಯರು ಅದರ ಮಿತಿಯನ್ನು ಹೇಳಲಿ. ಮಕ್ಕಳು ಬರೆದುಕೊಳ್ಳಲಿ. ನಾಲ್ಕನೆಯದಾಗಿ, ಪ್ರತಿ ಭಾನುವಾರ ಬೆಳಿಗ್ಗೆ ಬಳಗದ ಸದಸ್ಯರು ತಮ್ಮ ಬೀದಿಯ ಕುಂಡ, ತೊಟ್ಟಿಗಳನ್ನು ನೋಡಿ ನಿಂತ ನೀರನ್ನು ತೆಗೆಸಲಿ. ಇದಕ್ಕೆ ಅರ್ಧ ಗಂಟೆ ಸಾಕು.

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ಈ ವರ್ಷ ನಿಮ್ಮ ಮನೆಗೆ ಯಾರಾದರೂ ಔಷಧಿಯ ಸಸಿಯನ್ನು ತಂದುಕೊಟ್ಟರೆ ಪ್ರೀತಿಯಿಂದ ಸ್ವೀಕರಿಸಿರಿ. ಇದರ ಹೆಸರೇನು, ಗುರುತು ಹೇಗೆ, ಯಾವ ಭಾಗವನ್ನು ಎಷ್ಟು ಬಳಸಬೇಕು, ಯಾರು ಬಳಸಬಾರದು ಎಂದು ಅವರನ್ನು ಕೇಳಿರಿ. ಉತ್ತರ ದೊರೆಯುವ ತನಕ ನೀರೆರೆದು ಬೆಳೆಸಿರಿ. ಸೇವಿಸಲು ಅವಸರ ಬೇಡ.