ಅಟ್ಟದಿಂದಿಳಿದ ಸ್ಲಾಟ್ ಕಾರು: ಓಡಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ವಿದೇಶದಲ್ಲಿ ನೆಲೆಸಿದ ಬಂಧುಗಳು ರಜೆಯಲ್ಲಿ ಊರಿಗೆ ಬರುವಾಗ ಮಕ್ಕಳಿಗೆಂದು ತರುವ ಉಡುಗೊರೆಗಳಲ್ಲಿ ಸ್ಲಾಟ್ ಕಾರ್ ಸೆಟ್ ಕೂಡ ಒಂದು. ದೊಡ್ಡ ಪೆಟ್ಟಿಗೆ, ಅದರೊಳಗೆ ಕಪ್ಪು ಪ್ಲಾಸ್ಟಿಕ್ಕಿನ ರಸ್ತೆಯ ತುಂಡುಗಳು, ಎರಡು ಪುಟ್ಟ ರೇಸ್ ಕಾರುಗಳು, ಬೆರಳಿನಿಂದ ಒತ್ತುವ ಎರಡು ನಿಯಂತ್ರಕಗಳು, ಒಂದು ಅಡಾಪ್ಟರ್. ಸಾಮಾನ್ಯವಾಗಿ ಮೊದಲ ವಾರ ಮನೆಯಲ್ಲಿ ಜಾತ್ರೆಯ ಸಂಭ್ರಮ. ಎರಡನೆಯ ವಾರ ಕಾರು ಅಲ್ಲಲ್ಲಿ ನಿಲ್ಲತೊಡಗುತ್ತದೆ. ತಿಂಗಳು ಕಳೆಯುವುದರೊಳಗೆ ಪೆಟ್ಟಿಗೆ ಅಟ್ಟ ಸೇರುತ್ತದೆ.

ಗದಗ-ಬೆಟಗೇರಿಯ ನಮ್ಮ ಮನೆಯಲ್ಲಿ ಅದು ಒಂದು ವಾರವೂ ಬಾಳಲಿಲ್ಲ. ಅಮೆರಿಕದಿಂದ ಬಂದ ಸೆಟ್ಟನ್ನು ಅದೇ ಸಂಜೆ ಗೋಡೆಯ ಸಾಕೆಟ್ಟಿಗೆ ಚುಚ್ಚಿದೆವು. ಹತ್ತು ನಿಮಿಷದಲ್ಲಿ ಸುಟ್ಟ ವಾಸನೆ ಬಂತು, ಅಡಾಪ್ಟರ್ ಕೈಯಿಂದ ಮುಟ್ಟಲಾರದಷ್ಟು ಕಾದಿತ್ತು. ಅಣ್ಣನ ಮಗನಿಗೆಂದು ಬಂದ ಆಟಿಕೆ ಅದು. 'ಸಣ್ಣವಳು, ಮುರಿದು ಹಾಕುತ್ತಾಳೆ' ಎಂದು ಅವನ ತಂಗಿಗೆ ಮುಟ್ಟಲೂ ಕೊಟ್ಟಿರಲಿಲ್ಲ. ಏಳು ವರ್ಷಗಳ ನಂತರ, ಅವನು ಓದಿಗಾಗಿ ಊರು ಬಿಟ್ಟ ಮೇಲೆ, ಆ ಪೆಟ್ಟಿಗೆ ಕೆಳಗಿಳಿಸಿ ಕೊಡಿ ಎಂದು ಕೇಳಿದವಳು ಅವಳೇ. ಅದನ್ನು ಮತ್ತೆ ಓಡಿಸಲು ನಾವು ಕಲಿತದ್ದು ಬೇರೆಯವರಿಗೂ ಉಪಯೋಗಕ್ಕೆ ಬಂದೀತು ಎಂಬ ಉದ್ದೇಶದಿಂದ ಈ ಲೇಖನ.

ಏನಿದು ಸ್ಲಾಟ್ ಕಾರು?

ಸ್ಲಾಟ್ ಎಂದರೆ ಸೀಳು. ಆಟಿಕೆಯ ರಸ್ತೆಯಲ್ಲಿ ಪ್ರತಿಯೊಂದು ಪಥಕ್ಕೂ ಉದ್ದಕ್ಕೆ ಒಂದು ಸೀಳು ಇರುತ್ತದೆ. ಕಾರಿನ ಮುಂಭಾಗದ ಅಡಿಯಲ್ಲಿರುವ ಚಿಕ್ಕ ನಾಲಿಗೆಯಂತಹ ಭಾಗ ಆ ಸೀಳಿನಲ್ಲಿ ಇಳಿದು ಕಾರಿಗೆ ದಾರಿ ತೋರಿಸುತ್ತದೆ. ಸೀಳಿನ ಎರಡೂ ಬದಿಗೆ ಲೋಹದ ಪಟ್ಟಿಗಳಿದ್ದು, ಅವುಗಳಲ್ಲಿ ಕಡಿಮೆ ವೋಲ್ಟೇಜಿನ ನೇರ ವಿದ್ಯುತ್ ಹರಿಯುತ್ತದೆ. ಕಾರಿನ ಅಡಿಯಲ್ಲಿರುವ, ಸೂಕ್ಷ್ಮ ತಾಮ್ರದ ತಂತಿಗಳಿಂದ ಹೆಣೆದ ಎರಡು ಕುಚ್ಚುಗಳು ಈ ಪಟ್ಟಿಗಳನ್ನು ಸವರುತ್ತ ವಿದ್ಯುತ್ತನ್ನು ಮೋಟಾರಿಗೆ ತಲುಪಿಸುತ್ತವೆ. ಬೆರಳನ್ನು ಹೆಚ್ಚು ಒತ್ತಿದಷ್ಟೂ ನಿಯಂತ್ರಕದೊಳಗಿನ ರೋಧ ಕಡಿಮೆಯಾಗಿ ಕಾರು ವೇಗ ಪಡೆಯುತ್ತದೆ. ಇಲ್ಲಿ ಸ್ಟಿಯರಿಂಗ್ ಇಲ್ಲ. ಆಟಗಾರನ ಕೈಯಲ್ಲಿರುವುದು ವೇಗ ಒಂದೇ. ತಿರುವಿನಲ್ಲಿ ಆ ವೇಗ ಮಿತಿ ಮೀರಿದರೆ ಕಾರು ಸೀಳಿನಿಂದ ಎಗರಿ ಮಂಚದ ಕೆಳಗೆ ಹೋಗಿ ಬೀಳುತ್ತದೆ.

ವಿದ್ಯುತ್ತಿನಿಂದ ಓಡುವ ಆಟಿಕೆ ರೇಸ್ ಕಾರುಗಳನ್ನು ಅಮೆರಿಕದ ಲಯನೆಲ್ ಕಂಪನಿ 1912ರಷ್ಟು ಹಿಂದೆಯೇ ಮಾರಿತ್ತು. ಆದರೆ ಈ ಆಟ ಮನೆಮಾತಾದದ್ದು ಇಂಗ್ಲೆಂಡಿನಲ್ಲಿ. ಮಿನಿಮಾಡೆಲ್ಸ್ ಕಂಪನಿಯ ಫ್ರೆಡ್ ಫ್ರಾನ್ಸಿಸ್ ಮೊದಲು ಸ್ಪ್ರಿಂಗಿನ ಬಲದಿಂದ ಓಡುವ 'ಸ್ಕೇಲೆಕ್ಸ್' ಕಾರುಗಳನ್ನು ತಯಾರಿಸುತ್ತಿದ್ದರು. ಅವಕ್ಕೆ ವಿದ್ಯುತ್ ಮೋಟಾರು ಜೋಡಿಸಿ 1957ರಲ್ಲಿ 'ಸ್ಕೇಲೆಕ್ಸ್‌ಟ್ರಿಕ್' ಎಂಬ ಹೆಸರಿನಲ್ಲಿ ಪ್ರದರ್ಶಿಸಿದರು. 1963ರಲ್ಲಿ ಜರ್ಮನಿಯ ಕರೇರಾ ಬಂತು. 2009ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ, ಹಳೆಯ ನಿಜವಾದ ರೇಸ್ ಪಥದ ಜಾಡಿನಲ್ಲೇ, ಸುಮಾರು ನಾಲ್ಕೂಮುಕ್ಕಾಲು ಕಿಲೋಮೀಟರ್ ಉದ್ದದ ಆಟಿಕೆ ರಸ್ತೆಯನ್ನು ಜೋಡಿಸಿ ದಾಖಲೆ ಮಾಡಿದರು. ಜೋಳದ ದಂಟಿನ ಬಂಡಿ ಕಟ್ಟಿ ಓಣಿಯಲ್ಲಿ ಎಳೆದಾಡಿದ ನಮ್ಮ ತಲೆಮಾರಿಗೆ ಇದೆಲ್ಲ ಕೊಂಚ ಅತಿಯೆನಿಸಬಹುದು.

ಮೊದಲು ಅಡಾಪ್ಟರ್ ನೋಡಿ

ಸೆಟ್ ಎಲ್ಲಿಂದ ಬಂದಿದೆ ಎಂಬುದು ಮುಖ್ಯ. ಅಮೆರಿಕದ ಮನೆಗಳ ವಿದ್ಯುತ್ 120 ವೋಲ್ಟ್, ನಮ್ಮದು 230. ಅಲ್ಲಿನ ಹಳೆಯ ಮಾದರಿಯ, ಕೈಗೆ ಭಾರವೆನಿಸುವ ಅಡಾಪ್ಟರಿನೊಳಗೆ ಕಬ್ಬಿಣದ ತಿರುಳಿನ ಟ್ರಾನ್ಸ್‌ಫಾರ್ಮರ್ ಇರುತ್ತದೆ. 120 ವೋಲ್ಟಿಗೆಂದು ಸುತ್ತಿದ ಸುರುಳಿಗೆ 230 ವೋಲ್ಟ್ ಕೊಟ್ಟರೆ ಅದು ಮಿತಿಮೀರಿ ವಿದ್ಯುತ್ ಸೆಳೆದು ಸುಡುತ್ತದೆ. ನಮ್ಮ ಮನೆಯಲ್ಲಾದದ್ದು ಇದೇ. ತಪ್ಪು ಸೆಟ್ಟಿನದಲ್ಲ, ಚೀಟಿ ಓದದ ನಮ್ಮದು. ಅಡಾಪ್ಟರಿನ ಮೇಲೆ 'ಇನ್‌ಪುಟ್' ಎಂದಿರುವ ಸಾಲಿನಲ್ಲಿ 100-240 ವೋಲ್ಟ್ ಎಂದಿದ್ದರೆ ನೆಮ್ಮದಿಯಿಂದ ಚುಚ್ಚಬಹುದು. ಬರೀ 120 ಎಂದಿದ್ದರೆ ಚುಚ್ಚಲೇಬೇಡಿ. ಪಿನ್ನಿನ ಆಕಾರ ಬದಲಿಸುವ ಅಗ್ಗದ ಪ್ಲಗ್ಗು ವೋಲ್ಟೇಜನ್ನು ಬದಲಿಸುವುದಿಲ್ಲ.

ಅಡಾಪ್ಟರ್ ಸುಟ್ಟರೂ ಕಾರು, ರಸ್ತೆಗಳಿಗೆ ಬಹುತೇಕ ಏನೂ ಆಗಿರುವುದಿಲ್ಲ. ಹಳೆಯದರ ಮೇಲೆ 'ಔಟ್‌ಪುಟ್' ಎಂದಿರುವುದನ್ನು ಬರೆದುಕೊಂಡು ಇಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ. ದೊಡ್ಡ ಕಾರುಗಳ ಸೆಟ್ಟುಗಳಿಗೆ ಸಾಮಾನ್ಯವಾಗಿ 12ರಿಂದ 15 ವೋಲ್ಟ್, ಅತಿ ಚಿಕ್ಕ ಕಾರುಗಳವಕ್ಕೆ 18ರಿಂದ 22 ವೋಲ್ಟ್ ನೇರ ವಿದ್ಯುತ್ ಬೇಕು. ಧನ-ಋಣ ಅದಲುಬದಲಾದರೆ ಸಾಮಾನ್ಯ ಸೆಟ್ಟಿನಲ್ಲಿ ಕಾರು ಹಿಂದಕ್ಕೆ ಓಡುತ್ತದೆ, ಅಷ್ಟೆ. ಒಂದೇ ಪಥದಲ್ಲಿ ಹಲವು ಕಾರು ಓಡಿಸುವ ಡಿಜಿಟಲ್ ಸೆಟ್ಟಿಗೆ ಮಾತ್ರ ಅದೇ ಕಂಪನಿಯ ಅಡಾಪ್ಟರೇ ಆಗಬೇಕು. ಮನೆಯಲ್ಲಿ ಬಿದ್ದಿರುವ ಲ್ಯಾಪ್‌ಟಾಪ್ ಚಾರ್ಜರನ್ನು ಜೋಡಿಸುವ ಮೋಹ ಬೇಡ. ಅದು ಮೂರು-ನಾಲ್ಕು ಆಂಪಿಯರ್ ಕೊಡಬಲ್ಲದು; ಪಟ್ಟಿಗಳ ಮೇಲೆ ಒಂದು ಹೇರ್‌ಪಿನ್ ಅಡ್ಡ ಬಿದ್ದರೂ ಒಳಗಿನ ತೆಳುವಾದ ತಂತಿಗಳು ಕರಗಿಯಾವು. ತೆರೆದ ಟ್ರಾನ್ಸ್‌ಫಾರ್ಮರಿನಿಂದ 'ಜುಗಾಡು' ಮಾಡಿ ಮಕ್ಕಳ ಕೈಗೆ ಕೊಡುವುದಂತೂ ಸಲ್ಲದು. ವಿದ್ಯುತ್ ಆಟಿಕೆಗೆ 24 ವೋಲ್ಟಿಗಿಂತ ಹೆಚ್ಚು ಕೊಡಬಾರದೆಂಬ ನಿಯಮ ಇರುವುದು ಮಗುವಿನ ಕೈ ಪಟ್ಟಿಗೆ ತಾಗಿದರೂ ಅಪಾಯವಾಗದಿರಲೆಂದೇ.

ಜೋಡಣೆ

ಅಳತೆಯನ್ನು ತಿಳಿದುಕೊಂಡರೆ ಜಾಗದ ಅಂದಾಜು ಸಿಗುತ್ತದೆ. 1:32 ಪ್ರಮಾಣದ ಕಾರು ಸುಮಾರು 14 ಸೆಂಟಿಮೀಟರ್ ಉದ್ದ, 1:43ರದು 10, ಎಚ್‌ಒ ಎಂಬ ಚಿಕ್ಕ ಪ್ರಮಾಣದ್ದು 7ರ ಆಸುಪಾಸು. ಚಿಕ್ಕ ಮನೆಗೆ ಚಿಕ್ಕ ಕಾರೇ ಸರಿ ಎನ್ನುವವರಿದ್ದಾರೆ; ಆದರೆ ಮಕ್ಕಳ ಬೆರಳಿಗೆ ಎಚ್‌ಒ ಕಾರುಗಳನ್ನು ಸೀಳಿನಲ್ಲಿ ಕೂರಿಸುವುದು ಕಷ್ಟ. ಎಂಟು-ಹತ್ತು ವರ್ಷದವರಿಗೆ 1:43 ಅನುಕೂಲ ಎಂಬುದು ನನ್ನ ಅಭಿಪ್ರಾಯ.

ಮೊದಲ ದಿನವೇ ಸೇತುವೆ, ಸುರುಳಿ ಎಲ್ಲವನ್ನೂ ಕಟ್ಟಹೋಗಬೇಡಿ. ಸರಳವಾದ ಅಂಡಾಕಾರ ಸಾಕು. ಕಾರ್ಪೆಟ್ ಅಥವಾ ಜಮಖಾನೆಯ ಮೇಲೆ ಹಾಸಬಾರದು. ಎಳೆಗಳು ಕಾರಿನ ಅಚ್ಚಿಗೆ ಸುತ್ತಿಕೊಳ್ಳುತ್ತವೆ. ಎಂಟಡಿ-ನಾಲ್ಕಡಿಯ ಒಂದು ಪ್ಲೈವುಡ್ ಹಾಳೆ ಇದ್ದರೆ ಬಹಳ ಒಳ್ಳೆಯದು. ಆಟ ಮುಗಿದ ಮೇಲೆ ಗೋಡೆಗೆ ಒರಗಿಸಿಡಬಹುದು. ಅಡಾಪ್ಟರಿನಿಂದ ದೂರದ ತುದಿಯಲ್ಲಿ ಕಾರು ನಿಧಾನವಾದರೆ ತುಂಡುಗಳ ಕೀಲುಗಳಲ್ಲಿ ವಿದ್ಯುತ್ ಸೋರಿ ಹೋಗುತ್ತಿಲ್ಲ, ಸಡಿಲ ಸಂಪರ್ಕದಿಂದ ವೋಲ್ಟೇಜು ಕುಸಿಯುತ್ತಿದೆ ಎಂದರ್ಥ. ಕೀಲುಗಳನ್ನು ಬಿಡಿಸಿ, ಒರೆಸಿ, ಗಟ್ಟಿಯಾಗಿ ಕೂರಿಸಿದರೆ ಬಹುಪಾಲು ಸರಿಹೋಗುತ್ತದೆ.

ಪಂದ್ಯ ನ್ಯಾಯವಾಗಿರಬೇಕಾದರೆ ಒಂದು ಲೆಕ್ಕ ಗೊತ್ತಿರಬೇಕು. ಎರಡು ಸೀಳುಗಳ ನಡುವೆ ಸುಮಾರು 8 ಸೆಂಟಿಮೀಟರ್ ಅಂತರವಿದ್ದರೆ, ಅಂಡಾಕಾರದ ಪಥದಲ್ಲಿ ಹೊರಗಿನ ಕಾರು ಪ್ರತಿ ಸುತ್ತಿಗೂ ಒಳಗಿನದಕ್ಕಿಂತ ಸುಮಾರು ಅರ್ಧ ಮೀಟರ್ ಹೆಚ್ಚು ಓಡುತ್ತದೆ. ಆದ್ದರಿಂದ ಅರ್ಧ ಪಂದ್ಯಕ್ಕೆ ಪಥ ಬದಲಿಸಿಕೊಳ್ಳಬೇಕು, ಇಲ್ಲವೇ ಇಂಗ್ಲಿಷಿನ ಎಂಟರ ಆಕಾರ ಕಟ್ಟಬೇಕು. ಇನ್ನೊಂದು ಮೋಜಿನ ಲೆಕ್ಕ: 1:32 ಕಾರು ಸೆಕೆಂಡಿಗೆ 3 ಮೀಟರ್ ಓಡಿದರೆ, ಅದರ ಪ್ರಮಾಣಕ್ಕೆ ಅದು ಗಂಟೆಗೆ ಸುಮಾರು 345 ಕಿಲೋಮೀಟರ್!

ಧೂಳು, ಅರಳೆ, ಬಿಸಿಲು

ಸೆಟ್ಟಿನ ಜೊತೆಗೆ ಬರುವ ಕೈಪಿಡಿಗಳು ನಮ್ಮ ಹವೆಯನ್ನು ಕಂಡು ಬರೆದವಲ್ಲ. ಮುಂಡರಗಿ, ಶಿರಹಟ್ಟಿ ಕಡೆ ಕಪ್ಪತಗುಡ್ಡದ ಮೇಲಿಂದ ಬೀಸುವ ಆಷಾಢದ ಗಾಳಿ ಮುಚ್ಚಿದ ಕಿಟಕಿಯ ಸಂದಿಯಿಂದಲೂ ಎರೆಮಣ್ಣಿನ ಧೂಳನ್ನು ಒಳಗೆ ತರುತ್ತದೆ. ಬೆಟಗೇರಿಯ ನೇಕಾರರ ಓಣಿಗಳಲ್ಲಿ, ಗದುಗಿನ ಹತ್ತಿಯ ವಹಿವಾಟಿನ ಆಸುಪಾಸಿನಲ್ಲಿ ಅದರ ಜೊತೆಗೆ ಹತ್ತಿಯ ನವಿರು ಎಳೆಗಳೂ ಇರುತ್ತವೆ. ನಮ್ಮ ಕಾರಿನ ಹಿಂಬದಿಯ ಅಚ್ಚನ್ನು ಬಿಚ್ಚಿದಾಗ ಗೇರಿನ ಪಕ್ಕದಲ್ಲಿ ಬತ್ತಿಯಂತೆ ಹೊಸೆದುಕೊಂಡ ಅರಳೆಯೇ ಸಿಕ್ಕಿತು. ಚಿಮಟಿಗೆಯಿಂದ ಎಳೆದು ತೆಗೆದ ಮೇಲೆ ಚಕ್ರ ಬೆರಳು ತಾಕಿದರೆ ತಿರುಗುವಂತಾಯಿತು.

ಕಾರು ನಿಂತು ನಿಂತು ಓಡುತ್ತಿದ್ದರೆ ಮೋಟಾರನ್ನು ಶಂಕಿಸುವ ಮೊದಲು ಕುಚ್ಚುಗಳನ್ನು ನೋಡಬೇಕು. ಅವು ಕಪ್ಪಾಗಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಾಚಿ, ತುದಿಯನ್ನು ಬೀಸಣಿಗೆಯಂತೆ ತುಸು ಅರಳಿಸಿ, ಪಟ್ಟಿಯನ್ನು ಹಗುರಾಗಿ ತಾಗುವಷ್ಟು ಮಾತ್ರ ಕೆಳಕ್ಕೆ ಬಾಗಿಸಿ. ಹೆಚ್ಚು ಬಾಗಿಸಿದರೆ ಕಾರಿನ ಮೂತಿ ಮೇಲೆದ್ದು ಸೀಳಿನಿಂದ ಹೊರಬೀಳುತ್ತದೆ. ರಸ್ತೆಯ ಪಟ್ಟಿಗಳನ್ನು ಔಷಧ ಅಂಗಡಿಯ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಸಾಕು. ಆ ಹೊತ್ತಿನಲ್ಲಿ ಅಡಾಪ್ಟರ್ ಕಿತ್ತಿಟ್ಟಿರಬೇಕು, ಸ್ಪಿರಿಟ್ ಆರಿದ ಮೇಲಷ್ಟೇ ಚುಚ್ಚಬೇಕು. ಉಪ್ಪುಕಾಗದದಿಂದ ಉಜ್ಜುವವರಿದ್ದಾರೆ. ಅಂದಿಗೆ ಅದು ಹೊಳೆಯುತ್ತದೆ, ಆದರೆ ಮೇಲಿನ ಲೇಪ ಹೋಗಿ ಮುಂದಿನ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ.

ಟೈರಿನ ಧೂಳು ತೆಗೆಯಲು ಅಂಟುಪಟ್ಟಿಯೊಂದನ್ನು ಅಂಟಿನ ಬದಿ ಮೇಲೆ ಮಾಡಿ, ಅದರ ಮೇಲೆ ಕಾರನ್ನು ನಾಲ್ಕು ಬಾರಿ ಉರುಳಿಸಿ. ಅಚ್ಚಿಗೆ ಹೊಲಿಗೆ ಯಂತ್ರದ ಎಣ್ಣೆ, ಅದೂ ಸೂಜಿಯ ತುದಿಯಲ್ಲಿ ನಿಲ್ಲುವಷ್ಟು. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟಿ ಧೂಳನ್ನು ಹಿಡಿದಿಡುತ್ತದೆ. ಕುಚ್ಚಿಗೆ ಎಣ್ಣೆ ತಾಗಲೇಬಾರದು. ಅನೇಕ ಕಾರುಗಳ ಹೊಟ್ಟೆಯಲ್ಲಿ ಅವನ್ನು ಪಟ್ಟಿಗೆ ಅಂಟಿಸಿ ಹಿಡಿಯುವ ಆಯಸ್ಕಾಂತವಿರುತ್ತದೆ. ಅದಕ್ಕೆ ಅಂಟಿದ ಕಬ್ಬಿಣದ ಚೂರುಗಳನ್ನೂ ತೆಗೆಯಿರಿ. ಇಷ್ಟಾದರೂ ಓಡದಿದ್ದರೆ ಮೋಟಾರಿನ ಬ್ರಷ್ ಸವೆದಿರಬಹುದು. ಲಕ್ಷ್ಮೇಶ್ವರದಂತಹ ಪೇಟೆಯಲ್ಲಿಯೂ ಮಿಕ್ಸರ್, ಡ್ರಿಲ್ಲಿಂಗ್ ಯಂತ್ರ ರಿಪೇರಿ ಮಾಡುವವರಿಗೆ ಇದು ಹೊಸತಲ್ಲ. ಗಾತ್ರ ಕಂಡು ನಕ್ಕಾರು, ಅಷ್ಟೆ.

ಇನ್ನು ಅಟ್ಟ. ತಗಡಿನ ಮಾಡಿನ ಕೆಳಗೆ ಬೇಸಿಗೆಯ ಶಾಖಕ್ಕೆ ರಸ್ತೆಯ ತುಂಡುಗಳು ಬಾಗುತ್ತವೆ, ಬಾಗಿದ್ದು ಸುಲಭಕ್ಕೆ ನೆಟ್ಟಗಾಗದು. ನಮ್ಮ ಸೆಟ್ಟಿನಲ್ಲಿ ನಾಲ್ಕು ತುಂಡುಗಳು ಹಾಗೆ ಹಾಳಾದವು. ಮಂಚದ ಕೆಳಗೆ, ಚಪ್ಪಟೆಯಾಗಿ, ಮುಚ್ಚಳವಿರುವ ಪೆಟ್ಟಿಗೆಯಲ್ಲಿಡುವುದು ಉತ್ತಮ.

ಹೊಸದಾಗಿ ಕೊಳ್ಳುವವರು ಬೆಲೆ ಕಂಡು ಗಾಬರಿಯಾಗುತ್ತಾರೆ. ಆಟಿಕೆಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿತು. 2021ರ ಜನವರಿಯಿಂದ ಮಾರಾಟದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಗೋಡೆಯ ವಿದ್ಯುತ್ತಿಗೆ ಜೋಡಿಸುವ ಆಟಿಕೆಯಲ್ಲಿ ಆ ಗುರುತನ್ನು ಹುಡುಕಿಯೇ ಕೊಳ್ಳಬೇಕು. ಈ ಲೆಕ್ಕದಲ್ಲಿ ನೋಡಿದರೆ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಗೆ ಬೆಲೆ ಇದ್ದೇ ಇದೆ.

ನಮ್ಮ ಮನೆಯ ಸೆಟ್ಟಿಗೆ ಈಗ ಹೊಸ ಅಡಾಪ್ಟರ್ ಬಂದಿದೆ. ಪ್ರತಿ ಭಾನುವಾರ ಸ್ಪಿರಿಟ್ ಸೀಸೆ, ಹಳೆಯ ಬ್ರಷ್ ಹಿಡಿದು ಕೂರುವವಳು ಆ ಹುಡುಗಿಯೇ. ದೀಪಾವಳಿಗೆ ಅಣ್ಣ ಊರಿಗೆ ಬಂದಾಗ ಇಪ್ಪತ್ತು ಸುತ್ತಿನ ಪಂದ್ಯ ನಡೆಯಿತು. ಹೊರಗಿನ ಪಥವನ್ನು ಬಹಳ ಮರ್ಯಾದೆಯಿಂದ ಅವನಿಗೆ ಬಿಟ್ಟುಕೊಟ್ಟಳು. ಅರ್ಧ ಮೀಟರಿನ ಲೆಕ್ಕವನ್ನು ಪಂದ್ಯ ಮುಗಿಯುವವರೆಗೂ ಹೇಳಲಿಲ್ಲ.